ನನ್ನ ಪರವಾಗಿ ಹೋಗಲಿ, ನಾನಾಗಿ ಹೋಗುವುದು ಬೇಡ

ಒಂದು ಎಐ ಏಜೆಂಟ್ ನಿಮ್ಮ ಬದಲು ಕೆಲಸ ಮಾಡುವಾಗ ಯಾರ ಹೆಸರಿನಲ್ಲಿ ಒಳಗೆ ಹೋಗುತ್ತದೆ? ನಮ್ಮ ಕಂಪನಿಯಲ್ಲಿ ನಾವು ದಿನವಿಡೀ ಕೂತು ಯೋಚಿಸುವುದು ಈ ಒಂದು ಪ್ರಶ್ನೆಯನ್ನು. ಮಂಗಳೂರಿನ ಬಿಜೈಯಲ್ಲಿ ನಮ್ಮದೊಂದು ಚಿಕ್ಕ ಆಫೀಸು ಉಂಟು. ಏಜೆಂಟ್‌ಗಳಿಗೆ ಗುರುತು ಕೊಡುವ, ಅನುಮತಿ ಕೊಡುವ, ಬೇಕಾದಾಗ ಆ ಅನುಮತಿಯನ್ನು ವಾಪಸ್ ಪಡೆಯುವ ಸಾಫ್ಟ್‌ವೇರ್ ಮಾಡುತ್ತೇವೆ. ಹೀಗಂದರೆ ಹೆಚ್ಚಿನವರು "ಓ, ಲಾಗಿನ್ ಪೇಜಾ?" ಅಂತ ಕೇಳುತ್ತಾರೆ. ಲಾಗಿನ್ ಪೇಜ್ ಇರುವುದು ಮನುಷ್ಯರಿಗೆ. ಬೆರಳಚ್ಚು ಇಲ್ಲದ, ಫೋನ್ ಇಲ್ಲದ, ಮುಖ ಇಲ್ಲದ ಒಂದು ಪ್ರೋಗ್ರಾಂ ಬಂದು "ನನ್ನನ್ನು ಇಂಥವರು ಕಳಿಸಿದ್ದಾರೆ" ಅಂದಾಗ ಅದನ್ನು ಎಷ್ಟು ನಂಬಬೇಕು, ಎಲ್ಲಿಯವರೆಗೆ ಬಿಡಬೇಕು ಎನ್ನುವುದು ನಮ್ಮ ಕೆಲಸ.

ಈಗ ಹೆಚ್ಚಿನ ಕಡೆ ಏನು ನಡೆಯುತ್ತಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಗೋಡಂಬಿ ರಫ್ತು ಮಾಡುವ ಒಂದು ಆಫೀಸು ಅಂತ ಇಟ್ಟುಕೊಳ್ಳಿ. ಇಮೇಲ್‌ನಲ್ಲಿ ಬರುವ ಬಿಲ್‌ಗಳನ್ನು ಓದಿ, ಲೆಕ್ಕದ ಸಾಫ್ಟ್‌ವೇರ್ ಜೊತೆ ತಾಳೆ ನೋಡಿ, ಯಾರಿಗೆ ಎಷ್ಟು ಕೊಡಬೇಕು ಅಂತ ಪಟ್ಟಿ ಮಾಡಲು ಒಂದು ಏಜೆಂಟ್ ಇಟ್ಟಿದ್ದಾರೆ. ಒಳ್ಳೆಯ ಉಪಯೋಗ. ಗುಮಾಸ್ತರ ಅರ್ಧ ದಿನದ ಕೆಲಸ ಉಳಿಯುತ್ತದೆ. ಆದರೆ ಆ ಏಜೆಂಟ್ ಇಮೇಲ್ ತೆರೆಯುವುದು ಮಾಲೀಕರ ಪಾಸ್‌ವರ್ಡ್‌ನಿಂದ. ಲೆಕ್ಕದ ಸಾಫ್ಟ್‌ವೇರ್ ಮುಟ್ಟುವುದು ಅಕೌಂಟೆಂಟ್ ಹೆಸರಿನ ಎಪಿಐ ಕೀಯಿಂದ, ಅಂದರೆ ಪ್ರೋಗ್ರಾಂಗಳು ಬಳಸುವ ಪಾಸ್‌ವರ್ಡ್‌ನಂಥದ್ದರಿಂದ. ಆ ಕೀ ಯಾವುದೋ ಫೈಲಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಅದಕ್ಕೆ ಕೊನೆಯ ದಿನಾಂಕ ಇಲ್ಲ. ಅದು ಓದಬಹುದು, ಬರೆಯಬಹುದು, ಅಳಿಸಬಹುದು. ಪಟ್ಟಿ ಮಾಡುವವನ ಕೈಯಲ್ಲಿ ಇಡೀ ಲೆಕ್ಕದ ಪುಸ್ತಕ ಇದೆ.

ಆಮೇಲೆ ಒಂದು ರಾತ್ರಿ ಯಾವುದೋ ಸಪ್ಲೈಯರ್‌ನ ಬ್ಯಾಂಕ್ ಖಾತೆ ನಂಬರ್ ಬದಲಾಗಿರುತ್ತದೆ. ಯಾರು ಬದಲಿಸಿದ್ದು? ದಾಖಲೆ ತೆರೆದರೆ ಅಕೌಂಟೆಂಟ್ ಹೆಸರಿದೆ. ಅವರು ಆಗ ಮನೆಯಲ್ಲಿ ಮಲಗಿದ್ದರು. ಏಜೆಂಟ್ ಎನ್ನುವ ಒಂದು ಅಕ್ಷರವೂ ಆ ದಾಖಲೆಯಲ್ಲಿ ಇಲ್ಲ.

ಸಮಸ್ಯೆಯ ಬೇರು ಇರುವುದು ಇಲ್ಲೇ ಅಂತ ನಾನು ನಂಬಿದ್ದೇನೆ. ಏಜೆಂಟ್ ನನ್ನ ಪರವಾಗಿ ಹೋಗಬೇಕು, ನಾನಾಗಿ ಹೋಗಬಾರದು. ಅದಕ್ಕೆ ಅದರದ್ದೇ ಹೆಸರು ಬೇಕು. ಯಾರು ಕಳಿಸಿದ್ದು ಅಂತ ಬರೆದಿರಬೇಕು. ಯಾವ ಕೆಲಸಕ್ಕೆ, ಎಷ್ಟರವರೆಗೆ, ಯಾವಾಗಿನ ತನಕ ಅಂತಲೂ ಬರೆದಿರಬೇಕು.

ಬೇರೆಯವರ ಕೈಗೆ ಪಾಸ್‌ವರ್ಡ್ ಕೊಡುವ ತೊಂದರೆ ಇಂಟರ್ನೆಟ್‌ಗೆ ಹೊಸದೇನಲ್ಲ. 2000ದ ದಶಕದಲ್ಲಿ ಹೊಸ ಸೈಟ್ ಒಂದನ್ನು ಸೇರಿದ ಕೂಡಲೇ ಅದು ನಿಮ್ಮ ಇಮೇಲ್ ಪಾಸ್‌ವರ್ಡ್ ಕೇಳುತ್ತಿತ್ತು. ನಿಮ್ಮ ಗೆಳೆಯರನ್ನು ಹುಡುಕಿ ಕೊಡುತ್ತೇವೆ ಅನ್ನುತ್ತಿತ್ತು. ಜನ ಕೊಡುತ್ತಿದ್ದರು. ವಿಳಾಸಗಳನ್ನಷ್ಟೇ ಓದಬೇಕಿದ್ದ ಸೈಟಿಗೆ ಪತ್ರಗಳೆಲ್ಲ ಸಿಗುತ್ತಿದ್ದವು. ಇದನ್ನು ತಪ್ಪಿಸಲು 2007ರಲ್ಲಿ ಓಆತ್ ಎಂಬ ಪದ್ಧತಿ ಬಂತು. 2012ರಲ್ಲಿ ಓಆತ್ 2.0 ಬಂತು. ಪಾಸ್‌ವರ್ಡ್ ಬದಲು ಒಂದು ಟೋಕನ್, ಅಂದರೆ ಇಷ್ಟೇ ಕೆಲಸಕ್ಕೆ ಅಂತ ಕೊಡುವ ಡಿಜಿಟಲ್ ಚೀಟಿ. "ಈ ಆ್ಯಪ್ ನಿಮ್ಮ ಕ್ಯಾಲೆಂಡರ್ ಓದಲು ಬಯಸುತ್ತಿದೆ, ಒಪ್ಪಿಗೆಯೇ?" ಅಂತ ನೀವು ದಿನಾ ನೋಡುವ ಪರದೆಯ ಹಿಂದೆ ಇರುವುದು ಅದೇ. ನಾವು ಕಟ್ಟುವುದೂ ಅದರ ಮೇಲೆಯೇ. ಹದಿನೈದಿಪ್ಪತ್ತು ವರ್ಷ ಪೆಟ್ಟು ತಿಂದು ಗಟ್ಟಿಯಾದ ಪದ್ಧತಿಯನ್ನು ಬಿಟ್ಟು ಹೊಸದಾಗಿ ಏನೋ ಕಂಡುಹಿಡಿಯುವ ಹುಮ್ಮಸ್ಸು ನನಗಿಲ್ಲ. ಭದ್ರತೆಯ ವಿಷಯದಲ್ಲಿ ಅಂಥ ಹುಮ್ಮಸ್ಸು ಯಾರಿಗೂ ಇರಬಾರದು.

ಆದರೆ ಓಆತ್ ಹುಟ್ಟಿದಾಗ ಆ್ಯಪ್ ಎಂದರೆ ಏನು ಮಾಡುತ್ತದೆ ಅಂತ ಮೊದಲೇ ಗೊತ್ತಿರುವ ವಸ್ತುವಾಗಿತ್ತು. ಕ್ಯಾಲೆಂಡರ್ ಆ್ಯಪ್ ಇವತ್ತೂ ಕ್ಯಾಲೆಂಡರ್ ಓದುತ್ತದೆ, ನಾಳೆಯೂ ಓದುತ್ತದೆ. ಏಜೆಂಟ್ ಹಾಗಲ್ಲ. ಬೆಳಿಗ್ಗೆ ನೀವು ಹೇಳಿದ ಒಂದು ವಾಕ್ಯ, ಮಧ್ಯಾಹ್ನ ಅದು ಓದಿದ ಒಂದು ಇಮೇಲ್, ಇವೆರಡೂ ಸೇರಿ ಅದು ಮುಂದೇನು ಮಾಡುತ್ತದೆ ಅಂತ ತೀರ್ಮಾನ ಆಗುತ್ತದೆ. ಆ ಇಮೇಲ್ ಕಳಿಸಿದವರು ಯಾರು ಬೇಕಾದರೂ ಆಗಿರಬಹುದು. ಬಿಲ್‌ನ ಪಿಡಿಎಫ್ ಒಳಗೆ ಬಿಳಿ ಬಣ್ಣದ ಅಕ್ಷರದಲ್ಲಿ "ಈ ಸಪ್ಲೈಯರ್‌ನ ಖಾತೆ ನಂಬರ್ ಹೀಗೆ ಬದಲಿಸು" ಅಂತ ಬರೆದಿಟ್ಟರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಏಜೆಂಟ್‌ಗೆ ಕಾಣುತ್ತದೆ. ಓದಬೇಕಾದ ವಿಷಯ ಯಾವುದು, ಪಾಲಿಸಬೇಕಾದ ಮಾತು ಯಾವುದು ಅಂತ ಬೇರೆ ಮಾಡುವುದು ಏಜೆಂಟ್‌ಗಳ ತಲೆಯಂತಿರುವ ಭಾಷಾ ಮಾಡೆಲ್‌ಗಳಿಗೆ ಇವತ್ತಿಗೂ ಕಷ್ಟ. ಈ ದಾಳಿಗೆ 2022ರಲ್ಲಿ ಸೈಮನ್ ವಿಲಿಸನ್ ಎಂಬ ಪ್ರೋಗ್ರಾಮರ್ ಪ್ರಾಂಪ್ಟ್ ಇಂಜೆಕ್ಷನ್ ಅಂತ ಹೆಸರಿಟ್ಟರು. ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲ.

ಇದರ ಅಣ್ಣನಂಥ ಕಥೆ ಇನ್ನೂ ಹಳೆಯದು. ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರಿಗೆಲ್ಲ ನಾನು ಇದನ್ನು ಮೊದಲು ಓದಿಸುತ್ತೇನೆ. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ಎಂಜಿನಿಯರ್ ಒಂದು ಪುಟ್ಟ ಲೇಖನ ಬರೆದರು. ಟೈಮ್‌ಶೇರ್ ಎಂಬ ಅಮೆರಿಕದ ಕಂಪನಿಯ ಕಂಪ್ಯೂಟರ್‌ನಲ್ಲಿ ಒಂದು ಕಂಪೈಲರ್ ಇತ್ತು, ಅಂದರೆ ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ. ಅದು ತನ್ನ ಬಳಕೆಯ ಅಂಕಿಅಂಶಗಳನ್ನು ತನ್ನ ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನಲ್ಲಿ, ಬರೆದಿಡುತ್ತಿತ್ತು. ಅದಕ್ಕಾಗಿ ಆ ಡೈರೆಕ್ಟರಿಗೆ ಬರೆಯುವ ಹಕ್ಕನ್ನು ಅದಕ್ಕೆ ಕೊಟ್ಟಿದ್ದರು. ಗ್ರಾಹಕರ ಬಿಲ್ಲಿಂಗ್ ಫೈಲೂ ಅದೇ ಡೈರೆಕ್ಟರಿಯಲ್ಲಿತ್ತು. ಬಳಕೆದಾರರು ತಪ್ಪು ಹುಡುಕಲು ಬೇಕಾದ ಡೀಬಗ್ ಮಾಹಿತಿ ಯಾವ ಫೈಲಿಗೆ ಹೋಗಬೇಕು ಅಂತ ಹೆಸರು ಕೊಡಬಹುದಿತ್ತು. ಒಬ್ಬರು ಬಿಲ್ಲಿಂಗ್ ಫೈಲಿನ ಹೆಸರನ್ನೇ ಕೊಟ್ಟರು. ಕಂಪೈಲರ್ ಹೇಳಿದ ಹಾಗೆ ಮಾಡಿತು. ಬಿಲ್ಲಿಂಗ್ ಮಾಹಿತಿ ಅಳಿಸಿಹೋಯಿತು. ಕೇಳಿದವರಿಗೆ ಆ ಫೈಲ್ ಮುಟ್ಟುವ ಹಕ್ಕು ಇರಲಿಲ್ಲ. ಮುಟ್ಟಿದ ಪ್ರೋಗ್ರಾಂಗೆ ಇತ್ತು. ಯಾರ ಮಾತಿಗೆ ಯಾರ ಹಕ್ಕು ಬಳಸುತ್ತಿದ್ದೇನೆ ಅಂತ ಅದಕ್ಕೆ ಗೊತ್ತಾಗಲೇ ಇಲ್ಲ. ಕನ್‌ಫ್ಯೂಸ್ಡ್ ಡೆಪ್ಯುಟಿ, ಅಂದರೆ ಗೊಂದಲಕ್ಕೆ ಬಿದ್ದ ಪ್ರತಿನಿಧಿ, ಎಂಬ ಹೆಸರಿನಲ್ಲಿ ಭದ್ರತೆಯ ಕೆಲಸ ಮಾಡುವವರೆಲ್ಲ ಇದನ್ನು ಬಲ್ಲರು.

ಬಿಳಿ ಅಕ್ಷರದ ಇಮೇಲ್ ಕಳಿಸಿದವನಿಗೆ ನಿಮ್ಮ ಲೆಕ್ಕದ ಪುಸ್ತಕ ಮುಟ್ಟುವ ಹಕ್ಕಿಲ್ಲ. ಏಜೆಂಟ್‌ಗೆ ಇದೆ. ಕಥೆ ಅದೇ, ಅಲ್ವಾ? ಆ ಕಂಪೈಲರ್ ಬರೇ ಫೈಲ್ ಹೆಸರು ತೆಗೆದುಕೊಳ್ಳುತ್ತಿತ್ತು. ಈಗಿನದ್ದು ಯಾರ ಮಾತನ್ನಾದರೂ ಕೇಳುತ್ತದೆ.

ಹಾಗಾಗಿ ಏಜೆಂಟ್‌ನ ಬುದ್ಧಿಯ ಮೇಲೆ ಭದ್ರತೆಯನ್ನು ಕಟ್ಟಬಾರದು ಎನ್ನುವುದು ನಮ್ಮ ಮೊದಲ ನಿಯಮ. ಮಾಡೆಲ್ ಎಷ್ಟೇ ಜಾಣ ಆಗಲಿ, ಟೋಕನ್ ಅದರ ಕಣ್ಣಿಗೇ ಬೀಳಬಾರದು. ಅದು "ಈ ಬಿಲ್ ಓದಬೇಕು" ಅಂತ ಕೇಳಲಿ. ನಡುವೆ ನಿಂತ ನಮ್ಮ ಸಾಫ್ಟ್‌ವೇರ್ ಅನುಮತಿ ನೋಡಿ, ಟೋಕನ್ ಹಚ್ಚಿ, ಆಚೆ ಕಳಿಸುತ್ತದೆ. ಕೀ ಗೊತ್ತೇ ಇಲ್ಲದವನಿಂದ ಕೀ ಕದಿಯಲು ಆಗುವುದಿಲ್ಲ. ಖಾತೆ ನಂಬರ್ ಬದಲಿಸುವ ಹಕ್ಕೇ ಇಲ್ಲದಿದ್ದರೆ ಬಿಳಿ ಅಕ್ಷರ ಎಷ್ಟು ಚೆನ್ನಾಗಿ ಬರೆದಿದ್ದರೂ ಅದು ಬದಲಾಗುವುದಿಲ್ಲ.

ಇಂಥ ಹಕ್ಕನ್ನು ಎಷ್ಟು ಚಿಕ್ಕದು ಮಾಡಬಹುದು? ಉತ್ತರ ಹುಡುಕಲು ನಮ್ಮ ಕರಾವಳಿಯವರು ದೂರ ಹೋಗಬೇಕಾಗಿಲ್ಲ.

1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ಶುರುವಾಯಿತು. ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಟಿ.ಎಂ.ಎ. ಪೈ ಸೇರಿ ಕಟ್ಟಿದ್ದು. 1928ರಲ್ಲಿ ಅದು ಪಿಗ್ಮಿ ಯೋಜನೆ ತಂದಿತು. ಬ್ಯಾಂಕಿನ ಮೆಟ್ಟಿಲು ಹತ್ತದವರ ಮನೆ, ಅಂಗಡಿಗೆ ಬ್ಯಾಂಕಿನ ಪರವಾಗಿ ಒಬ್ಬರು ದಿನಾ ಬರುತ್ತಿದ್ದರು. ಎರಡಾಣೆ ಕೊಟ್ಟರೂ ತೆಗೆದುಕೊಂಡು ಬರೆದುಕೊಳ್ಳುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ಸೇರಿಹೋಯಿತು. ಪಿಗ್ಮಿ ಮಾತ್ರ ಹೋಗಲಿಲ್ಲ. ಇವತ್ತೂ ಇಲ್ಲಿನ ಸೊಸೈಟಿಗಳ ಪಿಗ್ಮಿ ಕಲೆಕ್ಟರ್‌ಗಳು ಕೈಯಲ್ಲಿ ಚಿಕ್ಕ ಮಷೀನ್ ಹಿಡಿದು ಸಂಜೆ ಹೊತ್ತು ಅಂಗಡಿಗಳಿಗೆ ಬರುತ್ತಾರೆ.

ಆ ಕಲೆಕ್ಟರ್‌ಗೆ ಇರುವ ಅಧಿಕಾರವನ್ನು ಒಮ್ಮೆ ಬಿಡಿಸಿ ನೋಡಿ. ಅವರು ಬರುವುದು ತಮ್ಮದೇ ಹೆಸರಿನಲ್ಲಿ. ಯಾವ ಬ್ಯಾಂಕಿನ ಪರವಾಗಿ ಅಂತ ಎಲ್ಲರಿಗೂ ಗೊತ್ತು. ಹಣ ತೆಗೆದುಕೊಳ್ಳಬಹುದು, ನಿಮ್ಮ ಖಾತೆಯಿಂದ ತೆಗೆಯುವ ಹಾಗಿಲ್ಲ. ಸಾಲ ಮಂಜೂರು ಮಾಡುವ ಹಾಗಿಲ್ಲ. ಪ್ರತಿ ಸಲವೂ ನಿಮ್ಮ ಕೈಗೆ ರಸೀದಿ ಕೊಡಬೇಕು. ತಂದದ್ದನ್ನು ಬ್ಯಾಂಕಿಗೆ ಒಪ್ಪಿಸಿ ಲೆಕ್ಕ ಕೊಡಬೇಕು. ಮ್ಯಾನೇಜರ್ ತಮ್ಮ ಕ್ಯಾಬಿನ್ನಿನ ಬೀಗದ ಕೈ ಕೊಟ್ಟು ಅವರನ್ನು ಊರಿಗೆ ಕಳಿಸುವುದಿಲ್ಲ. ಏಜೆಂಟ್‌ಗಳ ವಿಷಯದಲ್ಲಿ ಇವತ್ತು ಹೆಚ್ಚಿನವರು ಮಾಡುತ್ತಿರುವುದು ಸರಿಯಾಗಿ ಅದನ್ನೇ, ಬೀಗದ ಕೈ ಕೊಟ್ಟು ಕಳಿಸುವುದನ್ನೇ. ಕಲೆಕ್ಟರ್ ಎಷ್ಟೇ ಒಳ್ಳೆಯವರಾಗಿರಲಿ, ವ್ಯವಸ್ಥೆ ಅವರ ಒಳ್ಳೆಯತನವೊಂದನ್ನೇ ನೆಚ್ಚಿ ಕೂತಿಲ್ಲ. ಅದರಿಂದಲೇ ಆ ನಂಬಿಕೆ ಸುಮಾರು ನೂರು ವರ್ಷ ಬಾಳಿತು ಅಂತ ನನಗೆ ಅನಿಸುತ್ತದೆ.

ನಮ್ಮ ಟೋಕನ್‌ನಲ್ಲಿ ಇರುವುದೂ ಇಷ್ಟೇ. ಏಜೆಂಟ್‌ನ ಹೆಸರು ಒಂದು ಕಡೆ, ಕಳಿಸಿದವರ ಹೆಸರು ಇನ್ನೊಂದು ಕಡೆ. 2020ರಲ್ಲಿ ಬಂದ ಆರ್‌ಎಫ್‌ಸಿ 8693 ಎಂಬ ಮಾನದಂಡ ಇದಕ್ಕೆ ಜಾಗ ಮಾಡಿಕೊಟ್ಟಿದೆ. ಇನ್ನೊಬ್ಬರ ವೇಷ ಹಾಕಿ ಹೋಗುವುದು ಬೇರೆ, ಇನ್ನೊಬ್ಬರ ಪರವಾಗಿ ಹೋಗುವುದು ಬೇರೆ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. 2023ರ ಆರ್‌ಎಫ್‌ಸಿ 9396 ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲಾದರೆ ಅನುಮತಿ ಎಂದರೆ "ಪಾವತಿ ಮಾಡಬಹುದು" ಎನ್ನುವಷ್ಟು ದೊಡ್ಡ ತುಂಡು. ಈಗ "ಈ ಖಾತೆಗೆ, ಇಷ್ಟು ರೂಪಾಯಿ" ಅಂತ ಬರೆಯಬಹುದು. ಅದೇ ವರ್ಷದ ಆರ್‌ಎಫ್‌ಸಿ 9449ರಿಂದ ಟೋಕನ್ ಕಳವಾದರೂ ಕದ್ದವನಿಗೆ ಕೆಲಸಕ್ಕೆ ಬಾರದ ಹಾಗೆ ಮಾಡಬಹುದು. ಇವೆಲ್ಲ ಇವೆ. ಬಳಸುವವರು ಕಡಿಮೆ. ಬಳಸುವುದು ಸುಲಭ ಮಾಡಿಕೊಟ್ಟರೆ ಬಳಸುತ್ತಾರೆ ಎನ್ನುವ ನಂಬಿಕೆಯಲ್ಲಿ ಈ ಕಂಪನಿ ನಿಂತಿದೆ.

ಏಜೆಂಟ್‌ಗಳನ್ನು ಬೇರೆ ಬೇರೆ ಸಾಫ್ಟ್‌ವೇರ್‌ಗಳಿಗೆ ಜೋಡಿಸುವ ಎಂಸಿಪಿ ಪದ್ಧತಿಯನ್ನು ಆಂಥ್ರೊಪಿಕ್ ಎಂಬ ಎಐ ಕಂಪನಿ 2024ರ ನವೆಂಬರ್‌ನಲ್ಲಿ ಹೊರತಂದಿತು. ಮೊದಲ ಆವೃತ್ತಿಯಲ್ಲಿ ಅನುಮತಿಯ ಭಾಗವೇ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಅದು ಸೇರಿತು, ಜೂನ್‌ನಲ್ಲಿ ಇನ್ನಷ್ಟು ಬಿಗಿಯಾಯಿತು. ಒಂದು ಸರ್ವರ್‌ಗೆ ಅಂತ ಕೊಟ್ಟ ಟೋಕನ್ ಆ ಸರ್ವರ್‌ಗೆ ಮಾತ್ರ. ಅದು ತನಗೆ ಸಿಕ್ಕಿದ್ದನ್ನು ಹಾಗೇ ಮುಂದಿನವರಿಗೆ ದಾಟಿಸುವಂತಿಲ್ಲ. ಹಾರ್ಡಿಯವರ ಕಂಪೈಲರ್ ಮತ್ತೆ ಮತ್ತೆ ಹುಟ್ಟಬಾರದು ಅಂತ ಹಾಕಿದ ನಿಯಮ ಇದು.

ಇನ್ನು ನನಗೆ ತುಂಬಾ ಇಷ್ಟವಾದ ಒಂದು ವಿಷಯ. 1872ರ ಭಾರತೀಯ ಕರಾರು ಕಾಯಿದೆಯನ್ನು ಸಾಫ್ಟ್‌ವೇರ್ ಎಂಜಿನಿಯರ್‌ಗಳು ಯಾರೂ ಓದುವುದಿಲ್ಲ. ಓದಬೇಕು ಮಾರ್ರೆ. ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹಾರ ಮಾಡುವ ಬಗ್ಗೆ ಅದರಲ್ಲಿ 182ನೇ ಸೆಕ್ಷನ್‌ನಿಂದ 238ರವರೆಗೆ ಒಂದು ಪೂರ್ತಿ ಅಧ್ಯಾಯ ಇದೆ. ಅದು ಬರೆದಿರುವುದು ಮನುಷ್ಯರಿಗಾಗಿ, ಪ್ರೋಗ್ರಾಂಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ನಾವು ಈಗ ತಲೆ ಕೆಡಿಸಿಕೊಳ್ಳುತ್ತಿರುವ ಪ್ರಶ್ನೆಗಳೆಲ್ಲ ಅಲ್ಲಿವೆ. 190ನೇ ಸೆಕ್ಷನ್: ತಾನೇ ಮಾಡುತ್ತೇನೆ ಅಂತ ಒಪ್ಪಿಕೊಂಡ ಕೆಲಸವನ್ನು ಪ್ರತಿನಿಧಿ ಇನ್ನೊಬ್ಬನಿಗೆ ದಾಟಿಸುವ ಹಾಗಿಲ್ಲ, ಆ ವ್ಯಾಪಾರದ ರೂಢಿ ಅದಕ್ಕೆ ಬಿಟ್ಟರೆ ಅಥವಾ ಕೆಲಸದ ಸ್ವಭಾವ ಅದನ್ನು ಬೇಡಿದರೆ ಮಾತ್ರ ಸರಿ. ಈಗಿನ ಏಜೆಂಟ್‌ಗಳು ತಮ್ಮ ಕೆಲಸವನ್ನು ತುಂಡು ಮಾಡಿ ಬೇರೆ ಏಜೆಂಟ್‌ಗಳಿಗೆ ಹಂಚುತ್ತವೆ. ಆ ಹಂಚಿಕೆಗೆ ಯಾರು ಒಪ್ಪಿಗೆ ಕೊಟ್ಟರು? 210ನೇ ಸೆಕ್ಷನ್: ಪ್ರತಿನಿಧಿಯ ಅಧಿಕಾರ ಮುಗಿದರೆ ಅವನು ನೇಮಿಸಿದ ಉಪಪ್ರತಿನಿಧಿಗಳ ಅಧಿಕಾರವೂ ಮುಗಿಯುತ್ತದೆ. ನಾವು ಇದನ್ನು ಹಾಗೇ ಕೋಡ್‌ನಲ್ಲಿ ಬರೆದಿದ್ದೇವೆ. ಮೇಲಿನ ಅನುಮತಿ ಕಿತ್ತರೆ ಕೆಳಗಿನವೆಲ್ಲ ಬೀಳುತ್ತವೆ. 213ನೇ ಸೆಕ್ಷನ್: ಕೇಳಿದಾಗ ಲೆಕ್ಕ ಕೊಡಬೇಕು.

208ನೇ ಸೆಕ್ಷನ್ ಎಲ್ಲಕ್ಕಿಂತ ಚೆಂದ. ಅಧಿಕಾರ ವಾಪಸ್ ಪಡೆದದ್ದು ಪ್ರತಿನಿಧಿಯ ಮಟ್ಟಿಗೆ ಜಾರಿಯಾಗುವುದು ಅವನಿಗೆ ತಿಳಿದ ಮೇಲೆ. ಅವನ ಜೊತೆ ವ್ಯವಹರಿಸುವ ಹೊರಗಿನವರ ಮಟ್ಟಿಗೆ ಜಾರಿಯಾಗುವುದು ಅವರಿಗೆ ತಿಳಿದ ಮೇಲೆ. ಅಂದರೆ ಮನಸ್ಸಿನಲ್ಲೇ "ಇನ್ನು ಸಾಕು" ಅಂದುಕೊಂಡರೆ ಸಾಲದು, ಸುದ್ದಿ ತಲುಪಬೇಕು. ಟೋಕನ್‌ಗಳ ದೊಡ್ಡ ತಲೆನೋವು ಇದೇ. ಸಹಿ ಮಾಡಿದ ಟೋಕನ್ ಒಮ್ಮೆ ಹೊರಗೆ ಹೋದರೆ, ಅದನ್ನು ನೋಡುವ ಸರ್ವರ್ ಪ್ರತಿ ಸಲ ನಮ್ಮನ್ನು ಕೇಳುವುದಿಲ್ಲ. ಸಹಿ ಸರಿ ಇದ್ದರೆ ಬಿಡುತ್ತದೆ. ನಾವು ಇಲ್ಲಿ ರದ್ದು ಮಾಡಿದ್ದು ಅಲ್ಲಿಗೆ ಗೊತ್ತಿಲ್ಲ. ಒಂದೂವರೆ ಶತಮಾನದ ಹಿಂದೆ ಅಂಚೆಯಲ್ಲಿ ಪತ್ರ ಹೋಗಿ ತಲುಪುವವರೆಗೆ ಕಾಯುತ್ತಿದ್ದವರಿಗೂ ಇದೇ ಕಷ್ಟ ಇತ್ತು. ಟೋಕನ್‌ನ ಆಯುಸ್ಸನ್ನೇ ಕೆಲವು ನಿಮಿಷಕ್ಕೆ ಇಳಿಸುವುದು ನಾವು ಆರಿಸಿದ ದಾರಿ. ಹಣ ಮುಟ್ಟುವ ಕೆಲಸಕ್ಕೆ ಮಾತ್ರ ಪ್ರತಿ ಸಲ ಕೇಳಲೇಬೇಕು ಅಂತ ಇಟ್ಟಿದ್ದೇವೆ. ಸ್ವಲ್ಪ ನಿಧಾನ ಆಗುತ್ತದೆ. ಆಗಲಿ.

ಯಾವಾಗ ಮನುಷ್ಯರನ್ನು ಕೇಳಬೇಕು ಎನ್ನುವುದು ಬೇರೆಯೇ ಕಷ್ಟದ ಪ್ರಶ್ನೆ. ಎಲ್ಲದಕ್ಕೂ ಕೇಳಿದರೆ ಜನ ಓದದೆ ಓಕೆ ಒತ್ತುತ್ತಾರೆ. ಏನೂ ಕೇಳದಿದ್ದರೆ ಏಜೆಂಟ್ ತನ್ನಷ್ಟಕ್ಕೆ ಓಡುತ್ತದೆ. ನಮ್ಮ ದೇಶದಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ಇದೆ. 2024ರಲ್ಲಿ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಯುಪಿಐ ಸರ್ಕಲ್ ಶುರು ಮಾಡಿತು. ನಿಮ್ಮ ಖಾತೆಯಿಂದ ಮನೆಯ ಇನ್ನೊಬ್ಬರು ಪಾವತಿ ಮಾಡಬಹುದು. ಪೂರ್ತಿ ಅಧಿಕಾರ ಕೊಟ್ಟರೆ ಒಂದು ಸಲಕ್ಕೆ 5,000 ರೂಪಾಯಿ, ತಿಂಗಳಿಗೆ 15,000 ರೂಪಾಯಿ ಮಿತಿ. ಅರ್ಧ ಅಧಿಕಾರ ಕೊಟ್ಟರೆ ಪ್ರತಿ ಪಾವತಿಗೂ ನಿಮ್ಮ ಪಿನ್ ಬೇಕು. ಅಮ್ಮನಿಗೋ ಮಗನಿಗೋ ಪಿನ್ ಹೇಳಿಕೊಡುವ ಬದಲು ಅವರದ್ದೇ ಹೆಸರಿನಲ್ಲಿ ಒಂದು ಮಿತಿ. ಇದನ್ನು ಯೋಚಿಸಿದವರ ಬಗ್ಗೆ ನನಗೆ ಬಹಳ ಗೌರವ. ಏಜೆಂಟ್‌ಗಳಿಗೂ ಬೇಕಾದದ್ದು ಇಂಥದ್ದೇ ವ್ಯವಸ್ಥೆ.

ಒಟಿಪಿಯ ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಏಜೆಂಟ್‌ಗೆ ಎಸ್‌ಎಂಎಸ್ ಓದಲು ಬಿಟ್ಟು, ಒಟಿಪಿ ಅದೇ ಹಾಕಿಕೊಳ್ಳಲಿ ಅಂತ ಕೇಳುವ ಗ್ರಾಹಕರು ಬರುತ್ತಾರೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಒಟಿಪಿ ಇರುವುದು ಆ ಕ್ಷಣದಲ್ಲಿ ಅಲ್ಲೊಬ್ಬ ಮನುಷ್ಯ ಇದ್ದಾನೆ, ಅವನಿಗೆ ವಿಷಯ ಗೊತ್ತಾಗಿದೆ ಅಂತ ಖಾತ್ರಿ ಮಾಡಲು. ಅದನ್ನು ಏಜೆಂಟ್ ಕೈಗೆ ಕೊಟ್ಟರೆ ಎರಡನೇ ಬೀಗ ಇದ್ದೂ ಇಲ್ಲದ ಹಾಗೆ. ಅಂಥ ಕೆಲಸ ಬಂದರೆ ನಾವು ಒಪ್ಪಿಕೊಳ್ಳುವುದಿಲ್ಲ. ಇದರಿಂದ ಹಣ ಬಿಟ್ಟಿದ್ದೇವೆ. ಮುಂದೆಯೂ ಬಿಡುತ್ತೇವೆ.

ಮಂಗಳೂರಿನಲ್ಲಿ ಯಾಕೆ, ಬೆಂಗಳೂರಿಗೆ ಬನ್ನಿ ಅಂತ ಹೂಡಿಕೆದಾರರು ಹೇಳುವುದುಂಟು. ಸುರತ್ಕಲ್, ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಇಲ್ಲೇ ಸಿಗುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿ ಇದೆ. ಅದು ದೊಡ್ಡ ವಿಷಯವಲ್ಲ. ನನಗೆ ಇಲ್ಲಿ ಸಿಗುವ, ಬೇರೆ ಕಡೆ ಸಿಗದ ಒಂದು ಸಂಪತ್ತು ಎಂದರೆ ನಿವೃತ್ತ ಬ್ಯಾಂಕ್ ನೌಕರರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ, ಸಿಂಡಿಕೇಟ್ ಹುಟ್ಟಿದ ಈ ಎರಡು ಜಿಲ್ಲೆಗಳಲ್ಲಿ ಬೀದಿಗೊಬ್ಬರಾದರೂ ಇದ್ದಾರೆ. ಅವರಲ್ಲಿ ಒಬ್ಬರು ನಮಗೆ ಸಲಹೆಗಾರರು. ಕಂಪ್ಯೂಟರ್ ಭಾಷೆ ಅವರಿಗೆ ಬರುವುದಿಲ್ಲ. ನಾವು ಏನೇ ತೋರಿಸಿದರೂ ಅವರು ಕೇಳುವುದು ಎರಡೇ ಮಾತು: "ವೋಚರ್ ಬರೆದವರು ಯಾರು? ಪಾಸ್ ಮಾಡಿದವರು ಯಾರು?" ಬರೆದವರೇ ಪಾಸ್ ಮಾಡುವ ಹಾಗಿಲ್ಲ ಎನ್ನುವುದು ಬ್ಯಾಂಕಿನಲ್ಲಿ ಉಸಿರಾಟದಷ್ಟು ಸಹಜ. ಮೇಕರ್, ಚೆಕರ್ ಅನ್ನುತ್ತಾರೆ. ಒಂದು ಏಜೆಂಟ್ ಬರೆದದ್ದನ್ನು ಇನ್ನೊಂದು ಏಜೆಂಟ್ ಪಾಸ್ ಮಾಡಿದರೆ ಸಾಕಲ್ಲ ಅಂತ ನಮ್ಮ ಹುಡುಗರು ಒಮ್ಮೆ ಕೇಳಿದರು. ಆ ಸಲಹೆಗಾರರು ಒಪ್ಪಲಿಲ್ಲ. "ಎರಡಕ್ಕೂ ಒಂದೇ ಕಾಗದ ಓದಿಸಿ ಮೋಸ ಮಾಡಬಹುದಲ್ಲ" ಅಂದರು. ಪ್ರಾಂಪ್ಟ್ ಇಂಜೆಕ್ಷನ್ ಅಂತ ಅವರು ಯಾವತ್ತೂ ಕೇಳಿದವರಲ್ಲ.

ಈಗ ನಾವು ಕೆಲಸ ಮಾಡುತ್ತಿರುವುದು ಒಪ್ಪಿಗೆ ಕೇಳುವ ಪರದೆಯ ಮೇಲೆ. ಅದರ ಹಿಂದಿನ ಗಣಿತ ಎಷ್ಟೇ ಗಟ್ಟಿ ಇರಲಿ, ಕೊನೆಗೆ ಒಬ್ಬ ಮನುಷ್ಯ ಫೋನ್ ನೋಡಿ ಹೂಂ ಅಥವಾ ಉಹೂಂ ಅನ್ನಬೇಕು. ಅಲ್ಲಿ ಬರುವ ಮಾತು ಇವತ್ತು ಹೆಚ್ಚಾಗಿ ಇಂಗ್ಲಿಷ್, ಅದೂ ಎಂಜಿನಿಯರ್‌ಗಳಿಗೆ ಮಾತ್ರ ಅರ್ಥವಾಗುವ ಇಂಗ್ಲಿಷ್. ಬಂದರಿನ ಸಗಟು ಅಂಗಡಿಯವರು ಅದನ್ನು ಓದಿ ಏನು ತೀರ್ಮಾನ ಮಾಡಬೇಕು? ನಾವು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಏಜೆಂಟ್ ಏನು ಮಾಡಲು ಹೊರಟಿದೆ, ಯಾವ ಕಾಗದ ಓದಿದ ಮೇಲೆ ಹಾಗೆ ಹೊರಟಿತು, ಈ ಖಾತೆಗೆ ಹಿಂದೆ ಎಂದಾದರೂ ಹಣ ಹೋಗಿದೆಯೇ ಎಂಬ ಮೂರು ಸಾಲು. ಆ ಸಾಲುಗಳನ್ನು ಏಜೆಂಟ್ ಬರೆಯುವುದಿಲ್ಲ, ಅದರ ಮಾತನ್ನು ನಾವು ಅಲ್ಲಿ ತೋರಿಸುವುದೂ ಇಲ್ಲ. ದಾಖಲೆಯಿಂದ ನಮ್ಮ ಸಾಫ್ಟ್‌ವೇರ್ ನೇರವಾಗಿ ಬರೆಯುತ್ತದೆ. "ಈ ಖಾತೆಗೆ ಇದು ಮೊದಲ ಪಾವತಿ" ಎನ್ನುವ ಸಾಲನ್ನು ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ ಅಂತ ಆಫೀಸಿನಲ್ಲಿ ಇನ್ನೂ ವಾದ ನಡೆಯುತ್ತಿದೆ. ಮೇಲೆ ಇರಬೇಕು, ಅದೂ ಉಳಿದವಕ್ಕಿಂತ ದೊಡ್ಡ ಅಕ್ಷರದಲ್ಲಿ ಎನ್ನುವವರ ಕಡೆ ನಾನಿದ್ದೇನೆ.